ಕುಂಕುಮ ಹಚ್ಚಿದ ಕ್ಯಾಮೆರಾ

ಆಯುಧ ಪೂಜೆಯ ದಿನ ನನ್ನ ಅಪ್ಪನ ಕೈಗೆ ಸಿಕ್ಕಿದ ಯಾವ ಯಂತ್ರವೂ ಬೊಟ್ಟಿಲ್ಲದೆ ಪಾರಾಗುವುದಿಲ್ಲ. ಬಸ್ಸಿನ ಸ್ಟೇರಿಂಗ್, ಮೀಟರು, ಕನ್ನಡಿ, ಚಕ್ರ, ಕಂಡಕ್ಟರನ ಟಿಕೆಟ್ ಮೆಷಿನ್, ಎಲ್ಲದಕ್ಕೂ ಗಂಧ, ಗಂಧದ ಮೇಲೆ ಕುಂಕುಮ. ಪಂಪ್‌ವೆಲ್ ಫ್ಲೈಓವರಿಗೆ ಎದುರಾಗಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ವಾಹನಗಳ ಕ್ಯಾಮೆರಾ, ದಾರಿ ತೋರಿಸುವ ಪರದೆ, ಜಿಪಿಎಸ್ ಪೆಟ್ಟಿಗೆ, ಇವುಗಳ ಹೊಟ್ಟೆಯಲ್ಲಿ ಉಳಿದದ್ದನ್ನು, ಅಳಿಸಿದ್ದನ್ನು, ಅಳಿಸಿದ್ದೇವೆಂದು ಜನ ನಂಬಿಕೊಂಡದ್ದನ್ನು ಹೊರಗೆ ತೆಗೆಯುವುದು ನನ್ನ ಕೆಲಸ. ಒಂದು ವರ್ಷ ಅಪ್ಪ ಅಲ್ಲಿಗೂ ಬಂದು ಕಂಪ್ಯೂಟರಿನ ಯುಎಸ್‌ಬಿ ತೂತಿನೊಳಗೆ ಕುಂಕುಮ ತುಂಬಿಸಿ ಹೋಗಿದ್ದರು. ಆ ದಿನ ನಾನು ಕೂಗಿದ ಕೂಗಿಗೆ ಟೈರ್ ಅಂಗಡಿಯವರು ಮೆಟ್ಟಿಲು ಹತ್ತಿ ಮೇಲೆ ಬಂದಿದ್ದರು.

"ಹಾಗಾದ್ರೆ ದೇವರು ಎಲ್ಲಿಂದ ಒಳಗೆ ಹೋಗ್ಬೇಕು ಮಾರಾಯ್ತಿ?" ಎಂದು ಅಪ್ಪ ಕೇಳಿದ್ದರು. ಕೇಳಿದ್ದು ತುಳುವಿನಲ್ಲಿ. ಈ ಕತೆಯಲ್ಲಿ ಎಲ್ಲರೂ ಹೆಚ್ಚಾಗಿ ಮಾತಾಡಿದ್ದು ತುಳುವೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕೃಷ್ಣರಾಜ ಕೆದಿಲಾಯರು ಕಾವೂರಿನ ಹತ್ತಿರ ಒಂದು ದೇವಸ್ಥಾನದ ಅರ್ಚಕರು. ಆ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಗುಣಪಾಲ ಶೆಟ್ಟರು. ಶೆಟ್ಟರಿಗೆ ಸಿಟಿ ಬಸ್ಸುಗಳಿವೆ, ಒಂದು ಹೋಟೆಲಿದೆ, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುವ ಒಳ್ಳೆಯ ಅಭ್ಯಾಸವೂ ಇದೆ. ಅವರ ಬಸ್ಸುಗಳಿಗೆ ಪ್ರತಿ ವರ್ಷ ಪೂಜೆ ಮಾಡುವುದು ಅಪ್ಪನೇ.

ಆ ವರ್ಷದ ಪೂಜೆ ಮುಗಿದು ದೀಪಾವಳಿಯೂ ಕಳೆದ ಮೇಲೆ, ಟ್ರಾಫಿಕ್ ಠಾಣೆಯಿಂದ ನನಗೆ ಮೊಹರು ಹಾಕಿದ ಲಕೋಟೆಯೊಂದು ಬಂತು. ಒಳಗೆ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡ್. ಶೆಟ್ಟರ ಬಸ್ಸೊಂದರ ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾದ್ದು.

ಸಂಗತಿ ಇಷ್ಟು. ಬೀಫಾತಿಮ್ಮ ಎಂಬ ವಯಸ್ಸಾದ ಹೆಂಗಸು ಫಳ್ನೀರಿನಲ್ಲಿ, ಆಸ್ಪತ್ರೆಯ ಎದುರಿನ ಸ್ಟಾಪಿನಲ್ಲಿ, ಆ ಬಸ್ಸಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಯ ಎದುರೇ ಬಿದ್ದದ್ದು ಒಂದು ಪುಣ್ಯ ಎಂದು ನೋಡಿದವರೆಲ್ಲ ಹೇಳಿದರಂತೆ. ಬಸ್ಸು ನಿಂತಿತ್ತು, ಒಂದು ಕಾಲು ನೆಲಕ್ಕೆ ಇಟ್ಟಿದ್ದೆ, ಇನ್ನೊಂದು ಇಡುವ ಮೊದಲೇ ಬಿಟ್ಟರು ಎಂದು ಬೀಫಾತಿಮ್ಮ ಹೇಳುತ್ತಿದ್ದರು. ಸ್ಟಾಪ್ ಬರುವ ಮೊದಲೇ, ಓಡುತ್ತಿದ್ದ ಬಸ್ಸಿನಿಂದ ಅವರೇ ಹಾರಿದರು ಎಂದು ಕಂಡಕ್ಟರ್ ಶೋಭಿತ್ ಬರೆಸಿದ್ದ. ಡ್ರೈವರ್ ಗೇವಿನ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದ: ಹಿಂದಿನ ಬಾಗಿಲಲ್ಲಿ ಏನಾಯಿತೆಂದು ತನಗೆ ಕಾಣಲಿಲ್ಲ. ಬಸ್ಸಿನಲ್ಲಿದ್ದವರು ಯಾರೂ ಸಾಕ್ಷಿಗೆ ಬರಲಿಲ್ಲ. ಅಂಥ ಹೊತ್ತಿಗೆ ಎಲ್ಲರಿಗೂ ಆಫೀಸಿಗೆ ಲೇಟಾಗಿರುತ್ತದೆ. ಆಸ್ಪತ್ರೆಯ ಗೇಟಿನ ಕ್ಯಾಮೆರಾಕ್ಕೆ ನಿಂತ ಆ್ಯಂಬುಲೆನ್ಸಿನ ಬೆನ್ನು ಬಿಟ್ಟು ಬೇರೆ ಏನೂ ಕಂಡಿರಲಿಲ್ಲ. ಹಾಗಾಗಿ ಠಾಣೆಯ ಕಾಗದದಲ್ಲಿ ಸದ್ಯಕ್ಕೆ ನಿಂತದ್ದು ಶೋಭಿತನ ಮಾತು, 'ಹಾರಿದರು'. ಕಾರ್ಡಿನಲ್ಲಿಯೂ ಏನೂ ಸಿಗದಿದ್ದರೆ ಫೈಲು ಮುಚ್ಚುವುದೇ.

ಕಾರ್ಡಿನ ನಕಲು ತೆಗೆದು, ಮೂಲವನ್ನು ಮತ್ತೆ ಮೊಹರು ಮಾಡಿ, ನಕಲನ್ನು ತೆರೆದೆ. ಬಸ್ಸಿನ ಕ್ಯಾಮೆರಾ ದಿನವೂ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಆದರೆ ಗಾಡಿಗೆ ಜೋರಾದ ಕುಲುಕು ಬಿದ್ದರೆ ಆ ತುಣುಕನ್ನು ತಾನೇ ಬೀಗ ಹಾಕಿ ಬೇರೆ ಇಟ್ಟುಕೊಳ್ಳುತ್ತದೆ. ಬೀಫಾತಿಮ್ಮ ಬಿದ್ದಾಗ ಗೇವಿನ್ ಬ್ರೇಕ್ ಒತ್ತಿದ ರಭಸಕ್ಕೆ ಹಾಗೆ ಒಂದು ತುಣುಕು ಉಳಿದಿತ್ತು. ಆಮೇಲೆ ಯಾರೋ ಅದನ್ನು ಅಳಿಸಿದ್ದರು. ಅಳಿಸುವುದೆಂದರೆ ಬಾಗಿಲಿನ ಮೇಲಿನ ಹೆಸರನ್ನು ಕೆರೆದು ಹಾಕಿದ ಹಾಗೆ. ಒಳಗಿರುವವರು ಒಳಗೇ ಇರುತ್ತಾರೆ. ನಾನು ಹುಡುಕಿ ತೆಗೆದೆ.

ತೆರೆದರೆ ಬರೀ ಕೆಂಪು.

ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ. ಪರದೆಯ ತುಂಬ ಕೆಂಪು ಮಂಜು, ಅಂಚಿನಲ್ಲಿ ಒಂದಿಷ್ಟು ಗಂಧದ ಬಿಳಿ. ನನಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ಶೆಟ್ರ ಬಸ್ಸುಗಳ ಕ್ಯಾಮೆರಾಕ್ಕೂ ಕುಂಕುಮ ಹಚ್ಚಿದ್ದೀರಾ?"

"ಗಾಜಿನ ಹತ್ತಿರ ಗುಂಡು ಕಣ್ಣಿನ ಹಾಗೆ ಒಂದು ಉಂಟಲ್ಲ, ಅದಕ್ಕಾ? ಅದಕ್ಕೇ ಮೊದಲು ಹಚ್ಚಿದ್ದು!" ಅಪ್ಪನ ಸ್ವರದಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೆ ಬೈಯಲು ಬಾಯಿ ಬರಲಿಲ್ಲ. ಫೋನ್ ಇಟ್ಟ ಮೇಲೆ ಬೈದೆ.

ಕೂಡಲೇ ಠಾಣೆಗೆ ಹೋಗಿ ಎಸ್‌ಐ ಮೇಡಂ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದೆ: ಕ್ಯಾಮೆರಾದ ಕಣ್ಣು ಮುಚ್ಚಿದ್ದು ನನ್ನ ಅಪ್ಪನ ಕುಂಕುಮ, ಬಸ್ಸಿನವರು ಅಪ್ಪನ ದೇವಸ್ಥಾನದ ಮೊಕ್ತೇಸರರು, ಬೇಕಾದರೆ ಬೇರೆಯವರಿಗೆ ಕೊಡಿ. ಎಸ್‌ಐ ಮೇಡಂ ವಿಜಯಪುರದ ಕಡೆಯವರು, ಮಾತು ಕಡಿಮೆ. "ಬ್ಯಾರೇದವರು ಅಂದ್ರ ಬೆಂಗಳೂರಿಗೆ ಕಳಿಸಬೇಕು. ವರದಿ ಬರೋದ್ರಾಗ ಮಳಿಗಾಲ ಬರ್ತದ. ನೀವ ಮಾಡ್ರಿ. ಈಗ ಹೇಳಿದ್ದನ್ನ ವರದಿಯ ಮೊದಲನೇ ಸಾಲಿನಾಗ ಬರೀರಿ," ಎಂದರು.

ಹಿಂತಿರುಗಿ ಬಂದು ಆ ಕೆಂಪನ್ನು ನೋಡುತ್ತ ಕುಳಿತೆ. ನೋಡಿ ನೋಡಿ ಬೇಸರವಾಗಿ ಕಣ್ಣು ಮುಚ್ಚಿದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡೆ.

ಕ್ಯಾಮೆರಾಕ್ಕೆ ಮೈಕ್ ಕೂಡ ಇರುತ್ತದೆ ಎನ್ನುವುದು ಬಸ್ಸಿನವರಿಗೆ ನೆನಪಿರುವುದಿಲ್ಲ. ಇಂಜಿನಿನ ಗುರ್ರು, ಯಾರದೋ ಮೊಬೈಲಿನ ಹಾಡು, ಹಿಂದಿನಿಂದ ಇನ್ನೊಂದು ಬಸ್ಸಿನ ಹಾರನ್. ನಮ್ಮೂರಿನಲ್ಲಿ ಬಸ್ಸು ಓಡುವುದು ಪೆಟ್ರೋಲಿಯಂ ಕಂಪನಿಯ ಡೀಸೆಲಿನಿಂದಲ್ಲ, ಹಿಂದಿನ ಬಸ್ಸಿನ ಭಯದಿಂದ. ಅದು ಮುಂದೆ ಹೋದರೆ ಮುಂದಿನ ಸ್ಟಾಪಿನ ಜನ ಅದಕ್ಕೆ. ಆಮೇಲೆ ವಿಸಿಲ್. ಒಂದು ಸಲ.

ಇಲ್ಲಿ ಬಸ್ ಹತ್ತಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಹೇಳುತ್ತೇನೆ. ಒಂದು ವಿಸಿಲ್ ಅಂದರೆ ನಿಲ್ಲಿಸು, ಎರಡು ಅಂದರೆ ಹೋಗು. ಡ್ರೈವರ್ ತಿರುಗಿ ನೋಡುವುದಿಲ್ಲ. ಹಿಂದಿನ ಬಾಗಿಲಲ್ಲಿ ಅಜ್ಜಿ ಇರಲಿ, ಬಸುರಿ ಇರಲಿ, ಅವನಿಗೆ ಗೊತ್ತಾಗುವುದು ಆ ವಿಸಿಲಿನಿಂದ ಮಾತ್ರ. ಅವನ ಎರಡು ಕಣ್ಣು ಕಂಡಕ್ಟರನ ಬಾಯಲ್ಲಿ ಇರುತ್ತವೆ.

ಒಂದು ವಿಸಿಲ್ ಆಯಿತು, ಬ್ರೇಕ್ ಕಿರುಗುಟ್ಟಿತು, ಇಂಜಿನ್ ತಗ್ಗಿತು. ಅದೇ ಹೊತ್ತಿಗೆ ಕ್ಯಾಮೆರಾದ ಜಿಪಿಎಸ್ ಬರೆದ ವೇಗ ಸೊನ್ನೆ. ಜಾಗ ಸರಿಯಾಗಿ ಆಸ್ಪತ್ರೆಯ ಎದುರಿನ ಸ್ಟಾಪ್, ಅದಕ್ಕಿಂತ ಮೊದಲಲ್ಲ. "ಬೇಗ, ಬೇಗ," ಎಂದಿತು ಒಂದು ಗಂಡು ಸ್ವರ. ಹಿಂದಿನ ಬಸ್ಸಿನ ಹಾರನ್ ಹತ್ತಿರ ಬಂತು. ಆಗ ಒಂದು ಹೆಂಗಸಿನ ಸ್ವರ, ದೂರದಿಂದ ಆದರೂ ಸ್ಪಷ್ಟವಾಗಿ:

"ಉಂತು ಮಗಾ."

ತುಳುವಿನಲ್ಲಿ 'ನಿಲ್ಲು ಮಗಾ' ಎಂದು ಅರ್ಥ. ಸ್ವರದಲ್ಲಿ ಗಾಬರಿ ಇರಲಿಲ್ಲ. ಮನೆಯ ಹುಡುಗನಿಗೆ ಹೇಳಿದ ಹಾಗೆ ಹೇಳಿದ್ದರು. ಆ ಮಾತಿನ ಬೆನ್ನಿಗೇ ಎರಡು ವಿಸಿಲ್. ವೇಗ ಸೊನ್ನೆಯಿಂದ ಮೇಲೆ ಏರಿತು. ಪಾತ್ರೆ ಬಿದ್ದ ಸದ್ದು. ಆಮೇಲೆ ಕೇಳಿದ ಕೂಗನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನಗೆ ಸಿಟ್ಟು ಬಂತು. ವಿಸಿಲ್ ಹಾಕಿದ್ದು ಅವಸರದ ತಪ್ಪು, ಯಾರಿಂದಲೂ ಆಗಬಹುದು. ಆದರೆ ಆಸ್ಪತ್ರೆಯಲ್ಲಿ ಮಲಗಿದ ಮುದುಕಿಯ ಮೇಲೆ 'ಹಾರಿದರು' ಎಂದು ಬರೆಸಲು ಅವಸರ ಏನಿತ್ತು? ಅದನ್ನು ಕೂತು, ಯೋಚಿಸಿ ಮಾಡಿದ್ದರು.

ಮರುದಿನ ಗುಣಪಾಲ ಶೆಟ್ಟರು ಲ್ಯಾಬಿಗೆ ಬಂದರು. ಹೋಟೆಲಿನ ಗೋಳಿಬಜೆಯ ಪೊಟ್ಟಣ ಕೈಯಲ್ಲಿ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದರು. ಅವರ ಮರ್ಯಾದೆಗೆ ಯಾವತ್ತೂ ಕಡಿಮೆಯಿಲ್ಲ.

"ಎಂತಮ್ಮಾ ಸಿಂಧು, ಚಾ ಆಯ್ತಾ? ನಿಮ್ಮ ಅಪ್ಪನ ಕುಂಕುಮ ನಮ್ಮ ಕ್ಯಾಮೆರಾವನ್ನೇ ಕುರುಡು ಮಾಡಿತಂತೆ!" ಎಂದು ಮನಸಾರೆ ನಕ್ಕರು. "ಅದರಲ್ಲಿ ಎಂತ ಉಂಟು? ಕೆಂಪು. ಎಂತ ಇಲ್ಲ ಅಂತ ಒಂದು ಸಾಲು ಬರೆದು ಬಿಡಿ. ನಿಮಗೂ ಕೆಲಸ ಮುಗೀತು, ಅವರಿಗೂ ಮುಗೀತು."

"ವರದಿ ಠಾಣೆಗೆ ಕೊಡ್ತೇನೆ ಶೆಟ್ರೇ. ನಿಮಗೆ ಹೇಳ್ಲಿಕ್ಕಾಗುವುದಿಲ್ಲ."

"ಹೇಳುವುದು ಬೇಡ. ನಾನು ಕೇಳ್ಲಿಲ್ಲ." ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕುಳಿತರು. "ಮಾರ್ಚಲ್ಲಿ ಬ್ರಹ್ಮಕಲಶ ಉಂಟಲ್ಲ. ದೇವರಿಗೆ ಹೊಸ ಗುಡಿ, ಎಷ್ಟೋ ವರ್ಷಕ್ಕೊಮ್ಮೆ ಆಗುವ ಕೆಲಸ. ಕಮಿಟಿಯಲ್ಲಿ ಕೆಲವರು ಹೇಳ್ತಾರೆ, ಭಟ್ರಿಗೆ ಪ್ರಾಯ ಆಯ್ತು, ಸ್ವಲ್ಪ ಚುರುಕಿನವರನ್ನು ನೋಡುವ ಅಂತ. ನಾನು ಇದ್ದೇನೆ ಅಂತ ಸುಮ್ಮನಿದ್ದಾರೆ. ನಾನು ಇರುವಷ್ಟು ದಿನ ಭಟ್ರಿಗೆ ಎಂತ ಹೆದರಿಕೆ ಇಲ್ಲ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿ ಮುಗಿಸಿದರು. ನಾನು ಗೋಳಿಬಜೆಯ ಪೊಟ್ಟಣವನ್ನು ಅವರ ಕೈಗೇ ಕೊಟ್ಟೆ. "ಬಿಸಿ ಇರುವಾಗಲೇ ತಿನ್ನಿ ಶೆಟ್ರೇ, ಆರಿದ್ರೆ ರಬ್ಬರು," ಎಂದೆ. ಅವರ ಮುಖದಿಂದ ನಗು ಹೋದದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.

ಸಂಜೆ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಶೆಟ್ಟರು ಬಂದದ್ದನ್ನು ಹೇಳಿದೆ. ಕಾರ್ಡಿನಲ್ಲಿ ಏನಿತ್ತೆಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಅಪ್ಪ ಜಗಲಿಯಲ್ಲಿ ಕುಳಿತು ಮರುದಿನದ ಪೂಜೆಗೆ ಗಂಧ ತೇಯುತ್ತಿದ್ದರು. ತೇಯುವ ಕೈ ನಿಂತಿತು. ಆ ಗುಡಿಯ ಗರ್ಭಗುಡಿಯ ಪ್ರತಿಯೊಂದು ಕಲ್ಲು ಕೂರುವಾಗಲೂ ಅಪ್ಪ ಅಲ್ಲಿದ್ದವರು. ಬ್ರಹ್ಮಕಲಶದ ಬಗ್ಗೆ ಅವರು ಮಾತಾಡುವಾಗ ಮಕ್ಕಳ ಮದುವೆಯ ಮಾತಾಡಿದ ಹಾಗೆ ಇರುತ್ತಿತ್ತು.

"ನಿನ್ನ ಕಾಗದದಲ್ಲಿ ಎಂತ ಬರೀತೀ?" ಎಂದು ಕೇಳಿದರು.

"ಇದ್ದದ್ದು."

ಅಡುಗೆಮನೆಯಿಂದ ಅಮ್ಮ, ರಮಾದೇವಿ, ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಶೆಟ್ರು ನನ್ನ ಮಗಳ ಆಫೀಸಿಗೆ ಹೋಗಿ ನನ್ನ ಗಂಡನ ಪ್ರಾಯ ಹೇಳಿದ್ರಾ?" ಎಂದರು. "ಅವರಿಗೆ ಇವರಿಗಿಂತ ಎರಡು ವರ್ಷ ಹೆಚ್ಚು. ಅದನ್ನು ಯಾರು ಹೇಳುವುದು?" ಅಪ್ಪ ಸುಮ್ಮನೆ ಮತ್ತೆ ಗಂಧ ತೇಯಲು ಶುರುಮಾಡಿದರು. ಅವರ ಆ ಮೌನ ನನಗೆ ಹಿತವಾಗಲಿಲ್ಲ. ಹೆದರಿದರೋ ಏನೋ ಎಂದು ನನಗೆ ಹೆದರಿಕೆಯಾಯಿತು.

ವರದಿಗೆ ಒಂದು ಸಂಗತಿ ಬಾಕಿಯಿತ್ತು. ಆ ಸ್ವರ ಬೀಫಾತಿಮ್ಮನದೇ ಎಂದು ಹೋಲಿಸಿ ನೋಡಬೇಕಿತ್ತು. ಎಸ್‌ಐ ಮೇಡಂ ಜೊತೆ ಅವರ ಮನೆಗೆ ಹೋದೆ. ಪಂಪ್‌ವೆಲ್ ಹಿಂದಿನ ಗಲ್ಲಿ, ನನ್ನ ಲ್ಯಾಬಿನ ಕಿಟಕಿಯಿಂದ ಹೆಂಚು ಕಾಣುವಷ್ಟು ಹತ್ತಿರ. ಬೀಫಾತಿಮ್ಮ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್. ಮಗ ಮೋನು ಬಾಗಿಲಲ್ಲಿ ನಿಂತಿದ್ದ.

"ನೀನು ಯಾರ ಮಗಳು?" ಎಂದು ನನ್ನನ್ನು ಕೇಳಿದರು. ಹೇಳಿದೆ.

"ಶೆಟ್ರ ದೇವಸ್ಥಾನದ ಭಟ್ರ ಮಗಳಾ? ಹಾಗಾದ್ರೆ ಮುಗೀತು," ಎಂದು ಗೋಡೆಯ ಕಡೆಗೆ ತಿರುಗಿದರು.

"ದೇವಸ್ಥಾನ ಶೆಟ್ರದ್ದಲ್ಲ, ನಾನೂ ಶೆಟ್ರ ಮಗಳಲ್ಲ," ಎಂದೆ. ಸ್ವರ ಸ್ವಲ್ಪ ಜೋರಾಯಿತು. ಎಸ್‌ಐ ಮೇಡಂ ನನ್ನನ್ನು ನೋಡಿದರು. ಬೀಫಾತಿಮ್ಮನೂ ತಿರುಗಿ ನೋಡಿದರು, ಈ ಸಲ ಸ್ವಲ್ಪ ಹೊತ್ತು.

"ಸಿಟ್ಟು ಬರ್ತದಾ ನಿನಗೆ? ಒಳ್ಳೆಯದು. ಈ ಮನೆಯಲ್ಲಿ ನನಗೊಬ್ಬಳಿಗೇ ಬರುವುದು," ಎಂದರು. "ಕೇಳು. ನಾನು ಬೀಡಿ ಕಟ್ಟಿ ಬ್ರಾಂಚಿಗೆ ಕೊಡ್ಲಿಕ್ಕೆ ಬಸ್ಸಲ್ಲಿ ಹೋದವಳು, ಮಗಳ ಹೆರಿಗೆಗೆ ಬಸ್ಸಲ್ಲಿ ಹೋದವಳು, ಗಂಡ ಸತ್ತ ಸುದ್ದಿ ಬಂದಾಗಲೂ ಬಸ್ಸಲ್ಲೇ ಹೋದವಳು. ಬಸ್ಸಲ್ಲೇ ಮುದುಕಿ ಆದದ್ದು. ಆವತ್ತು ಸೊಸೆಗೆ ಆಸ್ಪತ್ರೆಗೆ ಪತ್ತಿರ್ ತೆಗೆದುಕೊಂಡು ಹೋಗ್ತಿದ್ದೆ. ಬಿಸಿ ಅಕ್ಕಿರೊಟ್ಟಿಯ ಪಾತ್ರೆ ಕೈಯಲ್ಲಿ ಹಿಡ್ಕೊಂಡು ಯಾರಾದ್ರೂ ಹಾರ್ತಾರಾ? ಹಾರುವ ಪ್ರಾಯವಾ ನನ್ನದು?"

"ಉಮ್ಮಾ, ಆದದ್ದು ಆಯ್ತು," ಎಂದ ಮೋನು. ಮತ್ತೆ ನಮ್ಮ ಕಡೆ ತಿರುಗಿ, "ಅವಸರದಲ್ಲಿ ಇಳಿದಿರಬಹುದು ಮೇಡಂ, ಅವರಿಗೆ ಮೊದಲಿಂದ ಅವಸರ ಜಾಸ್ತಿ. ಇನ್ನು ಬಸ್ಸು ಬೇಡ, ಒಬ್ಬರೇ ಎಲ್ಲಿಯೂ ಹೋಗುವುದು ಬೇಡ ಅಂತ ಹೇಳಿದ್ದೇವೆ. ಯಾರಾದ್ರೂ ಜೊತೆಗಿದ್ರೆ ರಿಕ್ಷಾ ಮಾಡಿ ಹೋದ್ರಾಯ್ತು," ಎಂದ. ಕೆಟ್ಟ ಮಗನಲ್ಲ. ತಾಯಿಯ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದ.

"ಕೇಳಿದ್ರಾ?" ಎಂದರು ಬೀಫಾತಿಮ್ಮ. "ಮೂಳೆ ಕೂಡ್ತದೆ. ಡಾಕ್ಟ್ರು ಹೇಳಿದ್ದಾರೆ. ನನಗೆ ಅವರ ಪರಿಹಾರ ಬೇಡ, ಹಣ್ಣಿನ ಬುಟ್ಟಿ ಬೇಡ. ಆ 'ಹಾರಿದ್ದು' ಅಂತ ಬರೆದದ್ದನ್ನು ತೆಗೀರಿ. ಅದು ಇರುವಷ್ಟು ದಿನ ನಾನು ಈ ಬಾಗಿಲು ದಾಟ್ಲಿಕ್ಕಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವನೇ ನಂಬಿ ಆಯ್ತು."

ಮೋನು ತಲೆ ತಗ್ಗಿಸಿದ. ನಾನು ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟೆ. 'ಉಂತು ಮಗಾ' ಎನ್ನುವ ಮಾತು, ಇನ್ನೊಂದಿಷ್ಟು ಬೇರೆ ಮಾತುಗಳು, ಇವನ್ನು ಒಂದೆರಡು ಸಲ ಹೇಳಬೇಕೆಂದು ಕೇಳಿದೆ.

ಬೀಫಾತಿಮ್ಮನ ಕಣ್ಣು ನನ್ನ ಮುಖದ ಮೇಲೆ ನಿಂತಿತು. ನಾನೇನೂ ಹೇಳುವ ಹಾಗಿರಲಿಲ್ಲ, ಹೇಳಲೂ ಇಲ್ಲ. ಆದರೆ ಇಷ್ಟೆಲ್ಲ ಮಾತು ಬಿಟ್ಟು ಇದನ್ನೇ ಯಾಕೆ ಕೇಳುತ್ತಾಳೆಂದು ತಿಳಿಯದಷ್ಟು ಅವರು ದಡ್ಡರಲ್ಲ.

"ಆಗ ಹೇಳಿದೆ, ಅವನು ಕೇಳ್ಲಿಲ್ಲ," ಎಂದರು ಮೆಲ್ಲಗೆ. "ಈಗ ಮೆಷಿನಿಗೆ ಹೇಳ್ಬೇಕಾ? ಹೇಳ್ತೇನೆ."

ಒಮ್ಮೆ ಹೇಳಿದರು. ಇನ್ನೊಮ್ಮೆ ಹೇಳಿದರು. ಸಾಕು ಎಂದೆ. ಅವರಿಗೆ ಸಾಕಾಗಿರಲಿಲ್ಲ. ದಿಂಬಿನಿಂದ ಮುಂದಕ್ಕೆ ಬಾಗಿ, ವಾಕರ್ ಹಿಡಿದು, "ಉಂತು ಮಗಾ!" ಎಂದು ಮನೆಯ ಹೆಂಚು ಹಾರುವ ಹಾಗೆ ಕೂಗಿದರು. ಹೊರಗೆ ಗಲ್ಲಿಯಲ್ಲಿ ಹೋಗುತ್ತಿದ್ದ ಮೀನಿನ ಟೆಂಪೋ ಗಕ್ಕನೆ ನಿಂತಿತು. ಎಸ್‌ಐ ಮೇಡಂ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ವರದಿ ಕೊಟ್ಟೆ. ಅದಾದ ಮೇಲೆ ಎಸ್‌ಐ ಮೇಡಂ ಎಲ್ಲರನ್ನೂ ಠಾಣೆಗೆ ಕರೆಸಿದರು: ಶೆಟ್ಟರು, ಶೋಭಿತ್, ಗೇವಿನ್, ನಾನು. ಅಪ್ಪನನ್ನೂ ಕರೆಸಿದ್ದರು. ಆ ಕುಂಕುಮ ಪೂಜೆಯಂದು ಹಚ್ಚಿದ್ದೋ, ಕ್ಯಾಮೆರಾದ ಕಣ್ಣು ಮುಚ್ಚಲೆಂದೇ ಬೇರೆ ಯಾರೋ ಹಚ್ಚಿದ್ದೋ ಎನ್ನುವುದನ್ನು ಅಪ್ಪನೇ ಹೇಳಬೇಕಿತ್ತು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಶಾಲು ಹೊದ್ದು, ಬೆಂಚಿನ ತುದಿಯಲ್ಲಿ ಕುಳಿತಿದ್ದರು.

ಮೇಡಂ ಕಾರ್ಡಿನಲ್ಲಿದ್ದ ಧ್ವನಿಯನ್ನು ಹಾಕಿ ಕೇಳಿಸಿದರು. ಒಂದು ವಿಸಿಲ್. ಬ್ರೇಕ್. ಬೇಗ, ಬೇಗ. ಉಂತು ಮಗಾ. ಎರಡು ವಿಸಿಲ್. ಪಾತ್ರೆ. ಕೂಗು. ಅಪ್ಪ ಅದನ್ನು ಮೊದಲ ಸಲ ಕೇಳುತ್ತಿದ್ದರು. ಕೂಗು ಬಂದಾಗ ಅವರ ಕೈ ಜನಿವಾರವನ್ನು ಹಿಡಿದುಕೊಂಡಿತು.

"ಇದೆಂತ ಸಾಕ್ಷಿ ಮೇಡಂ?" ಎಂದರು ಶೆಟ್ಟರು. "ಕ್ಯಾಮೆರಾದ ಕಣ್ಣಿಗೆ ಕುಂಕುಮ. ಹಚ್ಚಿದ್ದು ಇವಳ ಅಪ್ಪ. ಈಗ ಸೌಂಡ್ ಉಂಟು ಅಂತ ಇವಳು ತರ್ತಾಳೆ. ಎಲ್ಲಾ ಇವರ ಮನೆಯಲ್ಲೇ ಮಾಡಿದ ಹಾಗೆ ಉಂಟಲ್ಲ! ಭಟ್ರೇ, ನೀವೇ ಹೇಳಿ. ನಾಡಿದ್ದು ಕಮಿಟಿ ಮೀಟಿಂಗ್ ಬೇರೆ ಉಂಟು."

ಕೊನೆಯ ಮಾತು ಯಾಕೆ ಬಂತೆಂದು ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು. ಅಪ್ಪ ಎದ್ದು ನಿಂತರು.

"ಹಚ್ಚಿದ್ದು ನಾನೇ, ಆಯುಧ ಪೂಜೆಯ ದಿನ," ಎಂದರು. "ಕಣ್ಣಿಗೆ ಹಚ್ಚಿದೆ. ಅದಕ್ಕೆ ಕಿವಿ ಕೂಡ ಉಂಟು ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಅದಕ್ಕೂ ಹಚ್ಚುತ್ತಿದ್ದೆ, ನನ್ನ ಅಭ್ಯಾಸ ನಿಮಗೆ ಗೊತ್ತುಂಟಲ್ಲ. ಆದ್ರೆ ಅದನ್ನು ದೇವರು ನನಗೆ ತೋರಿಸ್ಲಿಲ್ಲ ಶೆಟ್ರೇ." ಶಾಲು ಸರಿ ಮಾಡಿಕೊಂಡರು. "ಮೀಟಿಂಗ್ ಮಾಡಿ. ನಾನೂ ಬರ್ತೇನೆ. ಈ ಸೌಂಡನ್ನು ಅಲ್ಲಿಯೂ ಒಮ್ಮೆ ಎಲ್ಲರಿಗೆ ಕೇಳಿಸಿ. ಆಮೇಲೆ ನನ್ನ ಪ್ರಾಯದ ವಿಚಾರ ಮಾತಾಡುವ."

ನನಗೆ ಅಲ್ಲೇ ಅಪ್ಪನ ಕಾಲಿಗೆ ಬೀಳಬೇಕೆನಿಸಿತು. ಠಾಣೆ ಎಂದು ಸುಮ್ಮನಿದ್ದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಶೋಭಿತ್ ಅಂಗಿಯ ಜೇಬಿನ ವಿಸಿಲನ್ನು ಕೈಯಿಂದ ಮುಚ್ಚಿಕೊಂಡಿದ್ದ. "ಅದು ಯಾರ ವಿಸಿಲೋ ಎಂತದೋ. ಹಿಂದಿನ ಬಸ್ಸಿನದ್ದಿರಬಹುದು," ಎಂದ.

ಆಗ ಗೇವಿನ್ ಬಾಯಿ ಬಿಟ್ಟ. ಅಷ್ಟು ದಿನ ಏನೂ ಕಾಣಲಿಲ್ಲ ಎಂದವನು. "ಮೇಡಂ, ನನಗೆ ಕಾಣ್ಲಿಲ್ಲ ಅಂದದ್ದು ಸತ್ಯ. ಕೇಳ್ಲಿಲ್ಲ ಅಂತ ನಾನು ಹೇಳ್ಲಿಲ್ಲ, ನೀವು ಕೇಳಿಯೂ ಇಲ್ಲ. ಇವನ ವಿಸಿಲನ್ನು ದಿನವಿಡೀ ಕೇಳುವವ ನಾನು. ಇದು ಇವನದ್ದೇ. ಎರಡು ಕೇಳಿತು, ಬಿಟ್ಟೆ. ಕೇಳದೆ ಯಾವತ್ತೂ ಬಿಟ್ಟವನಲ್ಲ." ಮತ್ತೆ ಅಪ್ಪನ ಕಡೆ ತಿರುಗಿ, "ಸಾರಿ ಭಟ್ರೇ. ಕುಂಕುಮ ಒರೆಸ್ಬೇಕು ಅಂತ ಎಷ್ಟೋ ಸಲ ಗ್ರಹಿಸಿದೆ. ನೀವು ಹಚ್ಚಿದ್ದನ್ನು ನಾನು ಒರೆಸಿದ್ರೆ ಅದಕ್ಕೂ ಎಲ್ಲಿ ಗಲಾಟೆ ಆಗ್ತದೋ ಅಂತ ಬಿಟ್ಟೆ," ಎಂದ.

ಶೋಭಿತ್ ಅಳಲು ಶುರುಮಾಡಿದ. ತಾನು ಬೇಕಂತ ಮಾಡಿದ್ದಲ್ಲ, ಹಿಂದಿನ ಬಸ್ಸು ಮೈಮೇಲೆ ಬಂದಿತ್ತು, ಹಾರಿದರು ಎಂದು ಬರೆಸಿದ್ದು, ಕಾರ್ಡಿನಲ್ಲಿದ್ದದ್ದನ್ನು ಅಳಿಸಿದ್ದು ತನ್ನ ಬುದ್ಧಿಯಿಂದಲ್ಲ ಎಂದ. ಯಾರ ಬುದ್ಧಿ ಎಂದು ಮೇಡಂ ಕೇಳಿದರು. ಅವನು ಶೆಟ್ಟರ ಕಡೆ ನೋಡಿದ. ಶೆಟ್ಟರು ಕಿಟಕಿಯ ಕಡೆ ನೋಡಿದರು.

ಕಾಗದ ಬದಲಾಯಿತು. 'ಹಾರಿದರು' ಹೋಗಿ, 'ನಿಂತ ಬಸ್ಸಿನಿಂದ ಇಳಿಯುತ್ತಿದ್ದಾಗ' ಎಂದು ಬಂತು. ಅದರ ಪ್ರತಿಯನ್ನು ಎಸ್‌ಐ ಮೇಡಮ್ಮೇ ಬೀಫಾತಿಮ್ಮನ ಮನೆಗೆ ಮುಟ್ಟಿಸಿದರು. ಮೋನು ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಬೇಕಾಯಿತಂತೆ, ಒಂದಲ್ಲ, ಅವರಿಗೆ ಸಾಕೆನಿಸುವಷ್ಟು ಸಲ. ಶೋಭಿತನ ಬ್ಯಾಡ್ಜನ್ನು ಕೆಲವು ತಿಂಗಳು ಅಮಾನತು ಮಾಡಿದರು. ಶೆಟ್ಟರ ಮೇಲಿನ ಕೇಸು ಕೋರ್ಟಿನಲ್ಲಿದೆ. ಅವರು ಈಗಲೂ ಮೊಕ್ತೇಸರರೇ.

ಬ್ರಹ್ಮಕಲಶದ ಆಮಂತ್ರಣದಲ್ಲಿ ಅಪ್ಪನ ಹೆಸರಿರಲಿಲ್ಲ. ಹೊಸಬರೊಬ್ಬರನ್ನು ಕರೆಸಿದ್ದರು. ಹೋಗುವುದು ಬೇಡ ಎಂದು ಅಮ್ಮ ಹೇಳಿದರು, ನಾನೂ ಹೇಳಿದೆ. "ದೇವರು ನನ್ನ ಹತ್ತಿರ ಬರಬೇಡ ಅಂತ ಹೇಳ್ಲಿಲ್ಲ," ಎಂದು ಅಪ್ಪ ಹೋದರು. ಹೋಗಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಶೆಟ್ಟರ ಕುರ್ಚಿಯ ಪಕ್ಕದಲ್ಲೇ, ಕಲಶಾಭಿಷೇಕ ಮುಗಿಯುವ ತನಕ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಊರಿನವರು ತೀರ್ಥ ತೆಗೆದುಕೊಂಡು ಬರುವಾಗ ಅಭ್ಯಾಸಬಲದಿಂದ ಮೊದಲು ನಮಸ್ಕಾರ ಮಾಡಿದ್ದು ಅಪ್ಪನಿಗೆ. ಮನೆಗೆ ಬಂದು ಅಪ್ಪ ಆ ದಿನ ಊಟ ಮಾಡಲಿಲ್ಲ. ನೋವಾಗಿತ್ತು. ಅದನ್ನು ಮುಚ್ಚಿಡಲೂ ಇಲ್ಲ.

ಮಳೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ನಾನು ಪಂಪ್‌ವೆಲ್ ಸ್ಟಾಪಿನಲ್ಲಿ ನಿಂತಿದ್ದೆ. ಬೀಫಾತಿಮ್ಮ ಊರುಗೋಲು ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಜೊತೆಗೆ ಯಾರೂ ಇಲ್ಲ. ಫಳ್ನೀರಿಗೆ, ಮೊಮ್ಮಗುವಿಗೆ ಇಂಜೆಕ್ಷನ್ ಇದೆ, ಸೊಸೆ ಅಲ್ಲಿ ಕಾಯುತ್ತಿದ್ದಾಳೆ ಎಂದರು. ರಿಕ್ಷಾ ಯಾಕೆ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದರೆ ಆ ಊರುಗೋಲು ನನ್ನ ಮೇಲೆಯೇ ಬರುತ್ತಿತ್ತು.

ಬಸ್ಸು ಬಂತು. ಶೆಟ್ಟರದ್ದೇ. ಹಿಂದಿನ ಬಾಗಿಲಲ್ಲಿ, ಅಮಾನತು ಮುಗಿಸಿ ಬಂದ ಶೋಭಿತ್. ಬೀಫಾತಿಮ್ಮನನ್ನು ನೋಡಿ ಅವನ ಮುಖ ಸಣ್ಣದಾಯಿತು. ಕೈ ನೀಡಿದ. ಅವರು ಅವನ ಕೈ ಹಿಡಿಯಲಿಲ್ಲ, ಕಂಬಿ ಹಿಡಿದು ಹತ್ತಿದರು. ನಾನೂ ಹತ್ತಿದೆ. ಆವತ್ತು ನನಗೆ ಕೆಲಸವಿದ್ದದ್ದು ಮೊದಲೇ ಸಿಗುವ ಕಂಕನಾಡಿಯಲ್ಲಿ, ಆದರೂ ಅಲ್ಲಿ ಇಳಿಯದೆ ಕುಳಿತೆ.

ಫಳ್ನೀರಿನಲ್ಲಿ ಒಂದು ವಿಸಿಲ್ ಆಯಿತು. ಬಸ್ಸು ಆಸ್ಪತ್ರೆಯ ಎದುರು ನಿಂತಿತು. ಬೀಫಾತಿಮ್ಮ ಎದ್ದು, ಸೀಟು ಸೀಟು ಹಿಡಿದುಕೊಂಡು ಬಾಗಿಲಿಗೆ ಹೋಗಿ, ಊರುಗೋಲನ್ನು ಕೆಳಗೆ ಊರಿ, ಒಂದು ಕಾಲನ್ನು ನೆಲಕ್ಕಿಟ್ಟರು. ಇನ್ನೊಂದು ಕಾಲು ಮೆಟ್ಟಿಲ ಮೇಲೆಯೇ ಇತ್ತು. ಹಾಗೆಯೇ ನಿಂತರು. ಹಿಂದಿನ ಬಸ್ಸು ಬಂದು ಹಾರನ್ ಒತ್ತಿತು. ಇನ್ನೊಮ್ಮೆ ಒತ್ತಿತು. ಒಳಗೆ ಯಾರೋ ವಾಚು ನೋಡಿಕೊಂಡು ಬುಸುಗುಟ್ಟಿದರು. ಗೇವಿನ್ ತಿರುಗಿ ನೋಡಲಿಲ್ಲ; ಅವನು ಕಾಯುತ್ತಿದ್ದದ್ದು ವಿಸಿಲಿಗೆ.

ಶೋಭಿತನ ತುಟಿಯಲ್ಲಿ ವಿಸಿಲ್ ಇತ್ತು. ಬೀಫಾತಿಮ್ಮ ಅವನನ್ನೇ ನೋಡುತ್ತ ನಿಂತಿದ್ದರು. ಅವನು ಮೆಲ್ಲನೆ ಅದನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಮೇಲೆ ಅವರು ಎರಡನೆಯ ಕಾಲನ್ನು ಇಳಿಸಿದರು. ಸೆರಗು ಸರಿ ಮಾಡಿಕೊಂಡರು. ಪಾತ್ರೆಯ ಗಂಟು ಭದ್ರವಾಗಿದೆಯೇ ಎಂದು ನೋಡಿಕೊಂಡರು. ಬಸ್ಸಿನಿಂದ ಎರಡು ಹೆಜ್ಜೆ ಆಚೆ ಹೋಗಿ ತಿರುಗಿ ನಿಂತರು.

"ಈಗ ಊದು ಮಗಾ," ಎಂದರು.